ಓಡಿದರೆ ಮೆದುಳು ಕರಗುತ್ತಾ? ಕಲಬುರಗಿ ಬಿಸಿಲಿನಲ್ಲಿ ದಣಿವಿನ ಲೆಕ್ಕ

2025ರ ಮಾರ್ಚ್ ಕೊನೆಯಲ್ಲಿ ಒಂದು ಸುದ್ದಿ ಎಲ್ಲ ಕಡೆ ಬಂತು. ಮ್ಯಾರಥಾನ್ ಓಡುವವರ ಮೆದುಳು, ಶಕ್ತಿ ಸಾಲದೆ ಹೋದಾಗ ತನ್ನನ್ನೇ ತಿನ್ನಲು ಶುರು ಮಾಡುತ್ತದೆ ಅಂತ. ಇಂಥ ಸುದ್ದಿ ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅರ್ಧ ಉದುರಿಹೋಗಿರುತ್ತದೆ. ಕೊನೆಗೆ ಉಳಿಯುವುದು ಹೆದರಿಕೆ ಮಾತ್ರ.

ಅದಕ್ಕೂ ಕೆಲವು ತಿಂಗಳ ಮೊದಲು ಇನ್ನೊಂದು ಸುದ್ದಿ ಬಂದಿತ್ತು. 2024ರ ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್ ಮೊದಲಲ್ಲಿ ಜಾರ್ಖಂಡ್‌ನಲ್ಲಿ ಅಬಕಾರಿ ಕಾನ್‌ಸ್ಟೆಬಲ್ ಹುದ್ದೆಗಳಿಗೆ ದೈಹಿಕ ಪರೀಕ್ಷೆ ನಡೆಯಿತು. ಗಂಡಸರು 60 ನಿಮಿಷದಲ್ಲಿ 10 ಕಿಲೋಮೀಟರ್ ಓಡಬೇಕಿತ್ತು. ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸತ್ತರು.

ಎರಡೂ ಸುದ್ದಿ ಸೇರಿ ಈಗ ಒಂದೇ ಪ್ರಶ್ನೆ ಆಗಿದೆ: ಓಡಬೇಕಾ, ಬೇಡವಾ? ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಇದು ಸುಮ್ನೆ ಕುತೂಹಲದ ಪ್ರಶ್ನೆ ಅಲ್ಲ. ಪೊಲೀಸ್, ಸೇನೆ, ಕೇಂದ್ರದ ಅರೆಸೇನಾ ಪಡೆ ಅಂತ ನೌಕರಿಗಾಗಿ ಓಡುವ ಹುಡುಗ, ಹುಡುಗಿಯರು ಇಲ್ಲಿ ಬಹಳ. ಈ ಭಾಗದವರಿಗೆ ಸಂವಿಧಾನದ 371(ಜೆ) ಅಡಿ ಮೀಸಲಾತಿ ಇದ್ದರೂ ಓಟದ ಗಡಿಯಾರಕ್ಕೆ ಅದು ಲೆಕ್ಕಕ್ಕಿಲ್ಲ. ಹಾಗಾಗಿ ದಣಿವು ಎಲ್ಲಿ ಹುಟ್ಟುತ್ತದೆ, ಯಾವ ದಣಿವಿಗೆ ಹೆದರಬೇಕು, ಯಾವುದಕ್ಕೆ ಬೇಡ ಅನ್ನುವುದನ್ನು ಬಿಡಿಸಿ ನೋಡುವುದು ಒಳ್ಳೆಯದು.

ಆ ಅಧ್ಯಯನದಲ್ಲಿ ಇದ್ದದ್ದೇನು

ಅಧ್ಯಯನ ಸ್ಪೇನ್‌ನದು. ‘ನೇಚರ್ ಮೆಟಬಾಲಿಸಂ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹತ್ತು ಮಂದಿ ಮ್ಯಾರಥಾನ್ ಓಟಗಾರರ ಮೆದುಳನ್ನು ಓಟಕ್ಕೆ ಮೊದಲು ಮತ್ತು ನಂತರ ಎಂಆರ್‌ಐ ಮಾಡಿ ನೋಡಿದರು. ಮೆದುಳಿನ ಕೆಲವು ಭಾಗಗಳಲ್ಲಿ ಮಯಲಿನ್ ಕಡಿಮೆಯಾದಂತೆ ಕಂಡಿತು.

ಮಯಲಿನ್ ಅಂದರೆ ನರಗಳ ಸುತ್ತ ಇರುವ ಕೊಬ್ಬಿನ ಪದರ. ಕರೆಂಟ್ ವೈರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಇದ್ದ ಹಾಗೆ. ಅದರ ಒಣತೂಕದಲ್ಲಿ ಮುಕ್ಕಾಲು ಭಾಗದಷ್ಟು ಕೊಬ್ಬೇ. ಗ್ಲೂಕೋಸ್ ಕಡಿಮೆ ಬಿದ್ದಾಗ ಮೆದುಳು ಈ ಕೊಬ್ಬನ್ನೂ ಸ್ವಲ್ಪ ಉರಿಸಿಕೊಳ್ಳುತ್ತಿರಬಹುದು ಅನ್ನುವುದು ಸಂಶೋಧಕರ ವಾದ. ಮೆದುಳಿನ ತೂಕ ದೇಹದ ಶೇ 2ರಷ್ಟು, ಆದರೆ ಅದು ಬಳಸುವ ಶಕ್ತಿ ಶೇ 20ರಷ್ಟು. ಆದ್ದರಿಂದ ವಾದ ತಳಬುಡ ಇಲ್ಲದ್ದೇನಲ್ಲ.

ತಲೆಬರಹದಲ್ಲಿ ಬಿಟ್ಟುಹೋದದ್ದು ಮುಂದಿನ ಸಾಲು. ಎರಡು ವಾರದಲ್ಲಿ ಮಯಲಿನ್ ಬಹುಪಾಲು ವಾಪಸ್ ಬರತೊಡಗಿತ್ತು, ಎರಡು ತಿಂಗಳಲ್ಲಿ ಮೊದಲಿನ ಮಟ್ಟಕ್ಕೆ ಬಂದಿತ್ತು. ಅಧ್ಯಯನದ ಹೆಸರಿನಲ್ಲೇ ‘ಹಿಂತಿರುಗಬಲ್ಲ ಇಳಿಕೆ’ ಅಂತ ಇದೆ.

ಇನ್ನೂ ಎರಡು ಮಾತು. ಹತ್ತು ಮಂದಿ ಅಂದರೆ ತೀರಾ ಸಣ್ಣ ಗುಂಪು. ಮತ್ತೆ, ಎಂಆರ್‌ಐ ಮಯಲಿನ್ನನ್ನು ನೇರವಾಗಿ ತೂಗುವುದಿಲ್ಲ. ಅದರ ಪದರಗಳ ನಡುವೆ ಸಿಕ್ಕಿಕೊಂಡ ನೀರನ್ನು ಅಳೆದು ಅಂದಾಜು ಮಾಡುತ್ತದೆ. 42 ಕಿಲೋಮೀಟರ್ ಓಡಿ ಬಂದ ದೇಹದಲ್ಲಿ ನೀರಿನ ಹಂಚಿಕೆ ಏರುಪೇರಾಗಿರುತ್ತದೆ. ಅದಕ್ಕೇ ಕೇಳಬೇಕು: ಕಡಿಮೆಯಾದದ್ದು ಮಯಲಿನ್ನಾ, ನೀರಾ? ಇದು ಮುಂದಿನ ಅಧ್ಯಯನಗಳು ತೀರ್ಮಾನಿಸಬೇಕಾದ ವಿಷಯ. ಯಾರದ್ದಾದರೂ ನೆನಪಿನ ಶಕ್ತಿ ಹೋಯಿತು ಅನ್ನುವ ಮಾತು ಅದರಲ್ಲಿ ಇಲ್ಲ.

ಕಾಲಿನಲ್ಲಿ ನಡೆಯುವುದು

ಮೆದುಳಿಗೆ ಆಮೇಲೆ ಬರೋಣ. ಮೊದಲು ಕಾಲು.

ಸ್ನಾಯುವಿಗೆ ಬೇಗ ಸಿಗುವ ಶಕ್ತಿ ಗ್ಲೈಕೊಜೆನ್. ನಾವು ಉಣ್ಣುವ ರೊಟ್ಟಿ, ಅನ್ನದ ಸಕ್ಕರೆಯನ್ನು ದೇಹ ಕೂಡಿಡುವ ರೂಪ ಅದು. ಸ್ನಾಯುಗಳಲ್ಲಿ ಸುಮಾರು 400ರಿಂದ 500 ಗ್ರಾಂ, ಯಕೃತ್ತಿನಲ್ಲಿ 100 ಗ್ರಾಂ ಇರುತ್ತದೆ. ಒಟ್ಟು 2000 ಕಿಲೋಕ್ಯಾಲೊರಿ ಆಸುಪಾಸು. ಓಡಲು ಒಂದು ಕಿಲೋಮೀಟರಿಗೆ, ದೇಹದ ಒಂದೊಂದು ಕೆ.ಜಿ.ಗೆ, ಸರಿಸುಮಾರು ಒಂದು ಕಿಲೋಕ್ಯಾಲೊರಿ ಬೇಕು. 60 ಕೆ.ಜಿ. ತೂಕದವರು 42 ಕಿಲೋಮೀಟರ್ ಓಡಿದರೆ 2500 ಆಯಿತು. ಲೆಕ್ಕ ಅಲ್ಲೇ ಕೈಕೊಡುತ್ತದೆ. ಮ್ಯಾರಥಾನ್ ಓಟಗಾರರು 30 ಕಿಲೋಮೀಟರ್ ದಾಟಿದ ಮೇಲೆ ಗೋಡೆಗೆ ಡಿಕ್ಕಿ ಹೊಡೆದ ಹಾಗಾಯಿತು ಅನ್ನುವುದು ಇದನ್ನೇ.

ಕೊಬ್ಬು ಇದೆಯಲ್ಲ ಅಂತ ಕೇಳಬಹುದು. ಇದೆ, ಬೇಕಾದಷ್ಟಿದೆ. ಆದರೆ ಅದು ನಿಧಾನವಾಗಿ ಉರಿಯುತ್ತದೆ. ಕೊಬ್ಬಿನ ಮೇಲೆ ನಡೆಯಬಹುದು, ಮೆಲ್ಲಗೆ ಓಡಬಹುದು. ಜೋರಾಗಿ ಓಡಲು ಆಗುವುದಿಲ್ಲ.

1967ರಲ್ಲಿ ಸ್ವೀಡನ್‌ನ ಸಂಶೋಧಕರು ತೊಡೆಯಿಂದ ಸೂಜಿಯಲ್ಲಿ ಸ್ನಾಯುವಿನ ಚೂರು ತೆಗೆದು ಇದನ್ನು ತೋರಿಸಿದರು. ಕೊಬ್ಬು, ಪ್ರೋಟೀನ್ ಮಾತ್ರ ತಿಂದವರು ಸೈಕಲ್ ತುಳಿದದ್ದು ಸರಾಸರಿ ಒಂದು ಗಂಟೆ. ಎಲ್ಲ ಬೆರೆಸಿ ಉಂಡವರು ಎರಡು ಗಂಟೆಗೆ ಹತ್ತಿರ. ಪಿಷ್ಟ ಜಾಸ್ತಿ ತಿಂದವರು ಎರಡೂ ಮುಕ್ಕಾಲು ಗಂಟೆ.

ಗ್ಲೈಕೊಜೆನ್ ತೀರುವುದಕ್ಕೂ ಮೊದಲೇ ಇನ್ನೊಂದು ತೊಂದರೆ ಶುರುವಾಗುತ್ತದೆ. ಸ್ನಾಯು ಬಿಗಿಯಲು ಜೀವಕೋಶದೊಳಗೆ ಕ್ಯಾಲ್ಸಿಯಂ ಬಿಡುಗಡೆ ಆಗಬೇಕು. ಗ್ಲೈಕೊಜೆನ್ ಇಳಿದಂತೆ ಆ ಬಿಡುಗಡೆಯೂ ಇಳಿಯುತ್ತದೆ. ಮೆದುಳು ‘ಎತ್ತು ಕಾಲು’ ಅಂದರೂ ತೊಡೆ ಅರ್ಧ ಮನಸ್ಸಿನಿಂದ ಎತ್ತುತ್ತದೆ.

ಲ್ಯಾಕ್ಟಿಕ್ ಆಸಿಡ್ ಮೇಲಿನ ಹಳೇ ಆರೋಪ

ಕಾಲು ಯಾಕೆ ಸೋಲುತ್ತದೆ ಅಂತ ಮೈದಾನದಲ್ಲಿ ಯಾರನ್ನು ಕೇಳಿದರೂ ಸಿಗುವ ಉತ್ತರ ಲ್ಯಾಕ್ಟಿಕ್ ಆಸಿಡ್. 1907ರಲ್ಲಿ ಇಂಗ್ಲೆಂಡ್‌ನ ಫ್ಲೆಚರ್ ಮತ್ತು ಹಾಪ್ಕಿನ್ಸ್ ಕಪ್ಪೆಯ ಸ್ನಾಯುಗಳ ಮೇಲೆ ಪ್ರಯೋಗ ಮಾಡಿದಾಗಿನಿಂದ ಈ ಮಾತು ನಡೆದುಬಂದಿದೆ. ಈಗ ಅದು ಹೆಚ್ಚುಕಡಿಮೆ ಬಿದ್ದುಹೋಗಿದೆ. ಲ್ಯಾಕ್ಟೇಟನ್ನು (ದೇಹದೊಳಗೆ ಲ್ಯಾಕ್ಟಿಕ್ ಆಸಿಡ್ ಇರುವ ರೂಪ) ಹೃದಯ, ಮೆದುಳು, ಬೇರೆ ಸ್ನಾಯುಗಳು ಶಕ್ತಿಯಾಗಿ ಬಳಸಿಕೊಳ್ಳುತ್ತವೆ. ಓಟ ನಿಂತ ಒಂದು ತಾಸಿನಲ್ಲಿ ಅದು ರಕ್ತದಿಂದ ಬಹುತೇಕ ಖಾಲಿ. ಮರುದಿನ ಮೆಟ್ಟಿಲು ಇಳಿಯುವಾಗ ಮೀನಖಂಡ ಹಿಡಿದುಕೊಳ್ಳುವುದು ಸ್ನಾಯುವಿನಲ್ಲಿ ಆಗುವ ಸಣ್ಣ ಸೀಳು ಮತ್ತು ಉರಿಯೂತದಿಂದ, ಲ್ಯಾಕ್ಟಿಕ್ ಆಸಿಡ್‌ನಿಂದಲ್ಲ.

ಕಾಲಲ್ಲಿ ತ್ರಾಣ ಇದ್ದರೂ ತಲೆ ಬೇಡ ಅಂದಾಗ

ಇಟಲಿಯ ತುರಿನ್‌ನಲ್ಲಿ ಆಂಜೆಲೊ ಮೊಸ್ಸೊ ಅನ್ನುವ ವಿಜ್ಞಾನಿ ಇದ್ದ. 19ನೇ ಶತಮಾನದ ಕೊನೆಯಲ್ಲಿ, ಬೆರಳಿಗೆ ತೂಕ ಕಟ್ಟಿ ಎಳೆಸಿ ದಣಿವನ್ನು ಅಳೆಯುವ ಯಂತ್ರ ಮಾಡಿದ. ದಿನವಿಡೀ ಕೂತು ಮೌಖಿಕ ಪರೀಕ್ಷೆ ತೆಗೆದುಕೊಂಡ ಪ್ರಾಧ್ಯಾಪಕರ ಬೆರಳು ಬೇಗ ಸೋಲುವುದನ್ನು ಕಂಡ. ಬೆರಳು ಏನೂ ಕೆಲಸ ಮಾಡಿರಲಿಲ್ಲ, ದಣಿದದ್ದು ತಲೆ.

ಬ್ರಿಟನ್ನಿನ ಬ್ಯಾಂಗರ್ ವಿಶ್ವವಿದ್ಯಾಲಯದ ಸಾಮ್ಯುಯೆಲೆ ಮಾರ್ಕೋರ ಮತ್ತು ಜೊತೆಗಾರರು 2009ರಲ್ಲಿ ಇದನ್ನೇ ಹೊಸದಾಗಿ ನೋಡಿದರು. 16 ಮಂದಿಗೆ ಒಂದು ದಿನ 90 ನಿಮಿಷ ಕಂಪ್ಯೂಟರ್ ಮುಂದೆ ಗಮನ ಕೊಟ್ಟು ಮಾಡುವ ಕೆಲಸ, ಇನ್ನೊಂದು ದಿನ ಅಷ್ಟೇ ಹೊತ್ತು ಸಾಕ್ಷ್ಯಚಿತ್ರ. ಆಮೇಲೆ ಸೈಕಲ್. ತಲೆ ದಣಿದ ದಿನ ಸರಾಸರಿ 640 ಸೆಕೆಂಡಿಗೆ ಕೈಚೆಲ್ಲಿದರು. ಇನ್ನೊಂದು ದಿನ 754 ಸೆಕೆಂಡ್ ತುಳಿದರು. ಹೃದಯ, ಉಸಿರಾಟ, ಲ್ಯಾಕ್ಟೇಟ್‌ನಲ್ಲಿ ಇದಕ್ಕೆ ಕಾರಣ ಸಿಗಲಿಲ್ಲ. ತಲೆ ದಣಿದ ದಿನ ಅದೇ ಕೆಲಸ ಜಾಸ್ತಿ ಕಷ್ಟ ಅನ್ನಿಸಿತ್ತು, ಅಷ್ಟೇ.

ನಮ್ಮ ಅಭ್ಯರ್ಥಿಗಳ ದಿನಚರಿಗೆ ಇದು ನೇರವಾಗಿ ತಾಗುತ್ತದೆ. ಇಡೀ ದಿನ ಲೈಬ್ರರಿಯಲ್ಲಿ ಸಾಮಾನ್ಯ ಜ್ಞಾನ ಓದಿ, ಸಂಜೆ ಸ್ಟಾಪ್‌ವಾಚ್ ಹಿಡಿದು ಓಡಿ, ‘ಟೈಮಿಂಗ್ ಬರ್ತಾ ಇಲ್ಲ’ ಅಂತ ಬೇಸರ ಮಾಡಿಕೊಳ್ಳುವವರ ಕಾಲಿನಲ್ಲಿ ದೋಷ ಇರಬೇಕಂತಿಲ್ಲ.

2004ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದ ಪ್ರಯೋಗ ಇನ್ನೂ ತಮಾಷೆಯದು. ಸುಮಾರು ಒಂದು ಗಂಟೆಯ ಸೈಕಲ್ ಓಟದಲ್ಲಿ ಸವಾರರು ಪಿಷ್ಟದ ನೀರನ್ನು ಕುಡಿಯಲಿಲ್ಲ, ಬಾಯಿ ಮುಕ್ಕಳಿಸಿ ಉಗುಳಿದರು. ಹೊಟ್ಟೆಗೆ ಏನೂ ಹೋಗಲಿಲ್ಲ. ಆದರೂ ಶೇ 3ರಷ್ಟು ಬೇಗ ಮುಗಿಸಿದರು. ಊಟ ಬರುತ್ತಿದೆ ಅನ್ನುವ ಸುಳಿವು ಬಾಯಿಯಿಂದ ಸಿಕ್ಕರೆ ಸಾಕು, ಮೆದುಳು ಕೈ ಸಡಿಲ ಮಾಡುತ್ತದೆ.

ಇಲ್ಲಿಂದ ವಿಜ್ಞಾನಿಗಳಲ್ಲಿ ಜಗಳ. ದಕ್ಷಿಣ ಆಫ್ರಿಕಾದ ಕ್ರೀಡಾ ವಿಜ್ಞಾನಿ ಟಿಮ್ ನೋಕ್ಸ್ ಹೇಳುವುದು, ದೇಹ ಹಾಳಾಗುವುದಕ್ಕೆ ಮೊದಲೇ ಮೆದುಳು ಬ್ರೇಕ್ ಹಾಕುತ್ತದೆ, ದಣಿವು ಅಂದರೆ ಆ ಬ್ರೇಕಿನ ಅನುಭವ. ಮಾರ್ಕೋರ ಇದನ್ನು ಒಪ್ಪುವುದಿಲ್ಲ. ಗುಟ್ಟಾಗಿ ಕೂತು ನಿಯಂತ್ರಿಸುವವರು ಯಾರೂ ಇಲ್ಲ, ಕಷ್ಟ ಎಷ್ಟು, ಸಿಗುವ ಫಲ ಎಷ್ಟು ಅಂತ ಮನುಷ್ಯ ತಾನೇ ತೂಗಿ ಬಿಡುತ್ತಾನೆ ಅನ್ನುತ್ತಾರೆ. ಮೂರನೆಯವರು ಸ್ನಾಯುವಿನ ಕಡೆಯವರು: ಸ್ನಾಯುವೇ ಸೋತಿದ್ದನ್ನು ಅಳೆದು ತೋರಿಸಬಹುದಲ್ಲ, ಮೆದುಳಿನ ಮಾತು ಯಾಕೆ ಅಂತ ಕೇಳುತ್ತಾರೆ.

ದೀರ್ಘ ಓಟದ ಮಟ್ಟಿಗೆ ಸ್ನಾಯು ಸೋಲುವುದು, ಮೆದುಳು ತಡೆಯುವುದು ಎರಡೂ ನಿಜ ಅನ್ನುವುದೇ ಸಾಕ್ಷ್ಯಕ್ಕೆ ಹತ್ತಿರ. ಗಂಟೆಗಟ್ಟಲೆ ಓಡಿದವರ ಕಾಲಿಗೆ ಹೊರಗಿನಿಂದ ವಿದ್ಯುತ್ ಕೊಟ್ಟು ಪರೀಕ್ಷಿಸಿದ್ದಾರೆ. ಸ್ನಾಯುವಿನ ಬಲ ಕಡಿಮೆಯಾಗಿರುತ್ತದೆ. ಮೆದುಳು ಕಳಿಸುವ ಆಜ್ಞೆಯೂ ಕಡಿಮೆಯಾಗಿರುತ್ತದೆ. ಮೆದುಳಿನ ರಾಸಾಯನಿಕಗಳಾದ ಸೆರೊಟೋನಿನ್, ಡೋಪಮೈನ್, ಅಡೆನೊಸಿನ್‌ಗಳ ಏರಿಳಿತಕ್ಕೂ ಇದರಲ್ಲಿ ಪಾಲಿದೆ. ಚಹಾ, ಕಾಫಿ ಕುಡಿದರೆ ಓಟ ಸ್ವಲ್ಪ ಹಗುರ ಅನ್ನಿಸುವುದು ಕೆಫೀನ್ ಅಡೆನೊಸಿನ್ ಕೂರುವ ಜಾಗವನ್ನು ಹಿಡಿದುಬಿಡುವುದರಿಂದ.

ನಮ್ಮ ಭಾಗದಲ್ಲಿ ದೊಡ್ಡ ಪಾಲು ಬಿಸಿಲಿನದು

ಯುರೋಪಿನ ಪ್ರಯೋಗಾಲಯದ ಮಾತು ಇಲ್ಲಿಗೆ ಹಾಗೇ ಹೊಂದುವುದಿಲ್ಲ. ಕಲಬುರಗಿಯಲ್ಲಿ ಏಪ್ರಿಲ್, ಮೇನಲ್ಲಿ 42, 43 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಯಾದಗಿರಿಯೂ ಅಷ್ಟೇ. ಬೀದರ್ ಎತ್ತರದಲ್ಲಿರುವುದರಿಂದ ಒಂದೆರಡು ಡಿಗ್ರಿ ಕಡಿಮೆ.

ಸ್ನಾಯು ಬಳಸುವ ಶಕ್ತಿಯಲ್ಲಿ ಕಾಲುಭಾಗದಷ್ಟು ಮಾತ್ರ ಚಲನೆಗೆ ಹೋಗುತ್ತದೆ. ಉಳಿದದ್ದೆಲ್ಲ ಕಾವು. ಹೊರಗೆ ತಂಪಿದ್ದರೆ ಕಾವು ಚರ್ಮದಿಂದ ಗಾಳಿಗೆ ಹೋಗುತ್ತದೆ. ಚರ್ಮ 35 ಡಿಗ್ರಿ, ಗಾಳಿ 40 ಡಿಗ್ರಿ ಇದ್ದರೆ ಉಲ್ಟಾ, ಗಾಳಿಯೇ ದೇಹವನ್ನು ಕಾಯಿಸುತ್ತದೆ. ಆಗ ಉಳಿಯುವ ದಾರಿ ಬೆವರು ಒಂದೇ.

ಬೆವರಲು ರಕ್ತ ಚರ್ಮದ ಕಡೆ ಹರಿಯಬೇಕು. ಓಡಲು ಅದೇ ರಕ್ತ ಸ್ನಾಯುವಿಗೆ ಬೇಕು. ಬೆವರಿದಷ್ಟೂ ರಕ್ತದಲ್ಲಿ ನೀರು ಕಡಿಮೆ. ಹೃದಯ ಒಂದೊಂದು ಬಡಿತಕ್ಕೂ ಕಡಿಮೆ ರಕ್ತ ತಳ್ಳುತ್ತದೆ, ಅದನ್ನು ಸರಿದೂಗಿಸಲು ಬೇಗ ಬೇಗ ಬಡಿಯುತ್ತದೆ. ವೇಗ ಅದೇ ಇದ್ದರೂ ಎದೆಬಡಿತ ಏರುತ್ತಲೇ ಹೋಗುವುದು ಹೀಗೆ.

1999ರಲ್ಲಿ ಡೆನ್ಮಾರ್ಕ್‌ನ ತಂಡವೊಂದು 40 ಡಿಗ್ರಿ ಕೋಣೆಯಲ್ಲಿ ಸೈಕಲ್ ತುಳಿಸಿತು. ಒಮ್ಮೆ ದೇಹವನ್ನು ಮೊದಲೇ ತಂಪು ಮಾಡಿ, ಒಮ್ಮೆ ಹಾಗೇ, ಒಮ್ಮೆ ಬಿಸಿ ಮಾಡಿ. ತಂಪಾಗಿ ಶುರು ಮಾಡಿದಾಗ 63 ನಿಮಿಷ ತುಳಿದರು. ಹಾಗೇ ಶುರು ಮಾಡಿದಾಗ 46. ಬಿಸಿಯಾಗಿ ಶುರು ಮಾಡಿದಾಗ 28. ಮೂರೂ ಸಲ ನಿಲ್ಲಿಸಿದ್ದು ದೇಹದೊಳಗಿನ ತಾಪ 40 ಡಿಗ್ರಿ ಮುಟ್ಟಿದಾಗ. ಗ್ಲೈಕೊಜೆನ್ ಇನ್ನೂ ಉಳಿದಿರುವಾಗಲೇ ಆಟ ಮುಗಿದಿತ್ತು. 2001ರ ಇನ್ನೊಂದು ಪ್ರಯೋಗದಲ್ಲಿ, ಅಷ್ಟು ಕಾದ ದೇಹದಲ್ಲಿ ಮೆದುಳು ತೊಡೆಯ ಸ್ನಾಯುವನ್ನು ಬಳಸಿಕೊಳ್ಳುವ ಪ್ರಮಾಣ ಶೇ 82ರಿಂದ ಶೇ 54ಕ್ಕೆ ಇಳಿದಿತ್ತು.

ಬೇಸಿಗೆಯಲ್ಲಿ ಇಲ್ಲಿಯ ಬಿಸಿಲು ಒಣ ಬಿಸಿಲು. ಬೆವರು ಬಂದ ಕೂಡಲೇ ಆರುತ್ತದೆ. ಅಂಗಿ ಒದ್ದೆಯೇ ಆಗಿರುವುದಿಲ್ಲ, ಬೆನ್ನ ಮೇಲೆ ಬಿಳಿ ಉಪ್ಪಿನ ಗೆರೆ ಮಾತ್ರ ಮೂಡಿರುತ್ತದೆ. ‘ನನಗೇನೂ ಬೆವರೇ ಬಂದಿಲ್ಲ’ ಅಂದುಕೊಂಡವರ ಮೈಯಿಂದ ತಾಸಿಗೆ ಒಂದು ಲೀಟರಿಗೂ ಜಾಸ್ತಿ ನೀರು ಹೋಗಿರಬಹುದು. ಮಳೆಗಾಲದಲ್ಲಿ ಇದರ ವಿರುದ್ಧ: ಬೆವರು ಸುರಿಯುತ್ತದೆ, ಆರುವುದಿಲ್ಲ, ಮೈ ತಣಿಯುವುದೂ ಇಲ್ಲ. ಜಾರ್ಖಂಡ್‌ನ ಸಾವುಗಳು ಸಂಭವಿಸಿದ್ದು ಮಳೆಗಾಲದ ಸೆಕೆಯಲ್ಲಿ.

ಬಿಸಿಲಿಗೆ ದೇಹ ಒಗ್ಗುತ್ತದೆ, 10ರಿಂದ 14 ದಿನ ಬೇಕು. ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಹೋಗುತ್ತದೆ. ಆದರೆ ನಮ್ಮ ಹುಡುಗರು ಅಭ್ಯಾಸ ಮಾಡುವುದು ಬೆಳಗಿನ ಐದಕ್ಕೆ. ಪರೀಕ್ಷೆಯ ದಿನ ದಾಖಲೆ, ಎತ್ತರ, ಎದೆ ಸುತ್ತಳತೆ ಅಂತ ಸರದಿ ಬರುವಷ್ಟರಲ್ಲಿ ಹನ್ನೊಂದಾದರೆ? ತಂಪಿನಲ್ಲಿ ತಯಾರಾದ ದೇಹ ಬಿಸಿಲಿನಲ್ಲಿ ಕಾದು, ಬಿಸಿಯಾಗಿಯೇ ಓಟ ಶುರು ಮಾಡುತ್ತದೆ. 28 ನಿಮಿಷದ ಸವಾರರ ಸ್ಥಿತಿ ಅದು.

ಬ್ರೇಕ್ ಕೆಲಸ ಮಾಡದಿದ್ದಾಗ

ಮೆದುಳು ಮೊದಲೇ ತಡೆಯುತ್ತದೆ ಅನ್ನುವುದಾದರೆ ಓಟದಲ್ಲಿ ಜನ ಸಾಯುವುದು ಯಾಕೆ? ನೋಕ್ಸ್ ವಾದಕ್ಕೆ ಎದುರಾಗುವ ಗಟ್ಟಿ ಪ್ರಶ್ನೆ ಇದು. ಕೆಲವರಲ್ಲಿ ಮೊದಲೇ ಗೊತ್ತಿಲ್ಲದ ಹೃದಯದ ದೋಷ ಇರುತ್ತದೆ, ಅದು ಬೇರೆ ವಿಷಯ. ಉಳಿದಂತೆ ಉತ್ತರ ಇಷ್ಟೇ: ಬ್ರೇಕನ್ನು ಮೀರಬಹುದು.

1967ರ ಜುಲೈ 13ರಂದು ಬ್ರಿಟನ್ನಿನ ಸೈಕಲ್ ಸವಾರ ಟಾಮ್ ಸಿಂಪ್ಸನ್ ಫ್ರಾನ್ಸ್‌ನ ಮೌಂಟ್ ವಾಂಟೂ ಬೆಟ್ಟದ ಮೇಲೆ, ಸುಡುವ ಬಿಸಿಲಿನಲ್ಲಿ ಕುಸಿದು ಸತ್ತ. ದೇಹದಲ್ಲಿ ಆಂಫೆಟಮೈನ್ ಅನ್ನುವ ಉತ್ತೇಜಕ ಔಷಧಿ ಮತ್ತು ಮದ್ಯ ಸಿಕ್ಕಿತು. 2005ರ ಒಂದು ಪ್ರಯೋಗದಲ್ಲಿ ಡೋಪಮೈನ್ ಮತ್ತು ನಾರ್‌ಅಡ್ರಿನಾಲಿನ್ ಹೆಚ್ಚಿಸುವ ಔಷಧಿ ಪಡೆದವರು ಸೆಕೆಯಲ್ಲಿ ಇನ್ನೂ ಜೋರಾಗಿ ಸೈಕಲ್ ತುಳಿದರು. ಅವರ ದೇಹ ಹೆಚ್ಚು ಕಾದಿತ್ತು. ಅವರಿಗೆ ಮಾತ್ರ ಹಾಗೆ ಅನ್ನಿಸಲಿಲ್ಲ.

ಔಷಧಿ ಇಲ್ಲದೆಯೂ ಹೀಗಾಗುತ್ತದೆ. ವಯಸ್ಸಿನ ಮಿತಿ ಮುಗಿಯಲು ಬಂದಿದೆ, ಇದು ಕೊನೇ ಅವಕಾಶ, ಮನೆಯವರು ಕಾಯುತ್ತಿದ್ದಾರೆ. ಮಾರ್ಕೋರ ಹೇಳುವ ತಕ್ಕಡಿಯಲ್ಲಿ ಫಲದ ಕಡೆ ಇಷ್ಟು ಭಾರ ಬಿದ್ದರೆ ಕಷ್ಟದ ಕಡೆ ಮೇಲೇಳಲೇಬೇಕು. ಅದಕ್ಕೇ ನೌಕರಿಯ ಓಟ ಹವ್ಯಾಸದ ಓಟಕ್ಕಿಂತ ಅಪಾಯ. ದಣಿದಾಗ ನಿಲ್ಲು ಅಂತ ಅಲ್ಲಿ ಹೇಳಿ ಉಪಯೋಗ ಇಲ್ಲ. ಜಾರ್ಖಂಡ್ ಸರ್ಕಾರ ಆಗ ಪರೀಕ್ಷೆಯನ್ನು ಕೆಲವು ದಿನ ತಡೆಹಿಡಿಯಿತು, ಆಮೇಲೆ ನಿಯಮ ಬದಲಿಸಿ ಓಟವನ್ನು 1.6 ಕಿಲೋಮೀಟರಿಗೆ ಇಳಿಸಿತು.

1600 ಮೀಟರಿನ ದಣಿವೇ ಬೇರೆ

ಕರ್ನಾಟಕದ ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಗೆ ಗಂಡಸರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ಎಸ್‌ಎಸ್‌ಸಿ ಜಿಡಿ (ಕೇಂದ್ರದ ಅರೆಸೇನಾ ಪಡೆಗಳ ಕಾನ್‌ಸ್ಟೆಬಲ್ ನೇಮಕಾತಿ) ಆದರೆ 24 ನಿಮಿಷಕ್ಕೆ 5 ಕಿಲೋಮೀಟರ್. ಸ್ಪೇನ್‌ನ ಅಧ್ಯಯನ 42 ಕಿಲೋಮೀಟರಿನದು. ಒಂದರ ಹೆದರಿಕೆಯನ್ನು ಇನ್ನೊಂದಕ್ಕೆ ತರುವುದು ತಪ್ಪು.

1600 ಮೀಟರಿಗೆ 60 ಕೆ.ಜಿ. ತೂಕದವರಿಗೆ ಬೇಕಾಗುವುದು ಹತ್ತಿರಹತ್ತಿರ 100 ಕಿಲೋಕ್ಯಾಲೊರಿ. ಒಂದು ದೊಡ್ಡ ಜೋಳದ ರೊಟ್ಟಿಯಲ್ಲಿ ಅದಕ್ಕಿಂತ ಜಾಸ್ತಿ ಇರುತ್ತದೆ. ಇಲ್ಲಿ ಗ್ಲೈಕೊಜೆನ್ ಖಾಲಿಯಾಗುವ ಮಾತೇ ಇಲ್ಲ, ಮೆದುಳು ಮಯಲಿನ್ ಉರಿಸುವ ಮಾತಂತೂ ದೂರ. ಅಂದಮೇಲೆ ಈ ಓಟಕ್ಕೆ ಶಕ್ತಿಯ ಪೌಡರ್ ಡಬ್ಬಿ ಕೊಳ್ಳುವುದು ದುಡ್ಡು ದಂಡ. ಓಟಕ್ಕೆ ಮೊದಲು ನೋವಿನ ಮಾತ್ರೆ ನುಂಗುವುದು ಅದಕ್ಕಿಂತ ಕೆಟ್ಟದ್ದು. ನೀರು ಕಡಿಮೆಯಾದ ದೇಹದಲ್ಲಿ ಅಂಥ ಹಲವು ಮಾತ್ರೆಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ.

ಹಾಗಾದರೆ ಮೂರನೇ ಸುತ್ತಿಗೆ ಕಾಲು ಯಾಕೆ ಬರುವುದಿಲ್ಲ? 400 ಮೀಟರಿನ ನಾಲ್ಕು ಸುತ್ತು, ಒಂದಕ್ಕೆ 97 ಸೆಕೆಂಡ್ ಸಿಗುತ್ತದೆ. ಗುಂಪಿನ ಜೋರಿನಲ್ಲಿ ಮೊದಲ ಸುತ್ತನ್ನು 80 ಸೆಕೆಂಡಿನಲ್ಲಿ ಹೊಡೆದವರ ಸ್ನಾಯುವಿಗೆ ಬೇಕಾದಷ್ಟು ಆಮ್ಲಜನಕ ತಲುಪುವುದಿಲ್ಲ. ಫಾಸ್ಫೇಟ್, ಆಮ್ಲದ ಅಂಶ ಕೂಡುತ್ತದೆ. ಬಿಗಿತ ಸಡಿಲವಾಗುತ್ತದೆ. ಎರಡನೇ ಸುತ್ತಿನ ಕೊನೆಗೆ ಭುಜ ಕಿವಿಯ ಹತ್ತಿರ ಏರಿರುತ್ತದೆ, ಹೆಜ್ಜೆ ಗಿಡ್ಡವಾಗಿರುತ್ತದೆ. ಮೂರನೇದರಲ್ಲಿ ದಮ್ಮು ಹತ್ತಿ 110 ಸೆಕೆಂಡ್ ದಾಟುತ್ತದೆ. ನಾಲ್ಕೂ ಸುತ್ತು 95 ಸೆಕೆಂಡಿನ ಆಸುಪಾಸಿನಲ್ಲಿ ಓಡಿದರೆ ಅದೇ ಕಾಲಿನಲ್ಲಿ ಪಾಸಾಗಬಹುದು.

ನೀರು ಜಾಸ್ತಿಯಾದರೂ ಕಷ್ಟ

ಯುಗಾದಿಗೆ ಮೊದಲು ಈ ಭಾಗದಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರದ್ದು ನಿಜವಾದ ದೀರ್ಘ ಶ್ರಮ. ನೂರಾರು ಕಿಲೋಮೀಟರ್, ಮಾರ್ಚ್ ಬಿಸಿಲು. ನಡಿಗೆ ನಿಧಾನ ಇರುವುದರಿಂದ ಕೊಬ್ಬಿನ ಶಕ್ತಿ ಸಾಕಾಗುತ್ತದೆ. ಕಾಡುವುದು ಬಿಸಿಲು, ನಿದ್ದೆ ಇಲ್ಲದಿರುವುದು, ಮತ್ತು ಉಪ್ಪು.

ದಾರಿಯ ಅರವಟ್ಟಿಗೆಗಳಲ್ಲೆಲ್ಲ ಬರೀ ನೀರನ್ನೇ ಬಾಯಾರಿಕೆ ಮೀರಿ ಕುಡಿದರೆ ರಕ್ತದ ಸೋಡಿಯಂ ಇಳಿಯುತ್ತದೆ. 2002ರ ಬೋಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ನೋಡಿದಾಗ ಶೇ 13 ಮಂದಿಗೆ ಸೋಡಿಯಂ ಕಡಿಮೆಯಿತ್ತು. ಓಟದಲ್ಲಿ ತೂಕ ಏರುವಷ್ಟು ಕುಡಿದವರಲ್ಲಿ ಇದು ಹೆಚ್ಚು. ತಲೆನೋವು, ವಾಂತಿ, ಗಲಿಬಿಲಿ ಇದರ ಲಕ್ಷಣ. ನೋಡಿದವರು ನೀರು ಸಾಲದೆ ಹೀಗಾಯಿತು ಅಂತ ಇನ್ನಷ್ಟು ನೀರು ಕುಡಿಸುತ್ತಾರೆ, ತೊಂದರೆ ದೊಡ್ಡದಾಗುತ್ತದೆ. ಬಾಯಾರಿದಾಗ ಕುಡಿಯುವುದು, ನಡುನಡುವೆ ಉಪ್ಪು ಹಾಕಿದ ಮಜ್ಜಿಗೆ, ಏನಾದರೂ ಊಟ ಇಷ್ಟಿದ್ದರೆ ಬಹುತೇಕರಿಗೆ ಸಾಕು.

ಮೈದಾನದಲ್ಲಿ ಆಗಬೇಕಾದ್ದು

ಏಪ್ರಿಲ್, ಮೇನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿ ಇದೆ. ಫ್ಯಾನಿನ ಕೆಳಗೆ ಕೂರುವವರಿಗೇ ಬಿಸಿಲಿನ ವಿನಾಯಿತಿ ಬೇಕಾದರೆ, ಓಡುವವರನ್ನು ಬಿಸಿಲೇರಿದ ಮೇಲೆ ಓಡಿಸುವುದಕ್ಕೆ ಸಮರ್ಥನೆ ಇಲ್ಲ. ಓಟ ಮೊದಲು, ದಾಖಲೆ ಪರಿಶೀಲನೆ ಆಮೇಲೆ ಅಂತ ಕ್ರಮ ತಿರುಗಿಸಿದರೆ ಅರ್ಧ ಸಮಸ್ಯೆ ಹಗುರ. ಇದಕ್ಕೆ ಖರ್ಚೂ ಇಲ್ಲ. ಕಾಯುವ ಜಾಗಕ್ಕೆ ನೆರಳು ಬೇಕು, ಯಾಕೆಂದರೆ ಕಾಯುವಾಗ ಕಾದ ಮೈಯೇ ಓಟದಲ್ಲಿ ಕೈಕೊಡುವುದು. ಓಟ ಕಡಿಮೆ ಮಾಡಿದರೆ ಪೊಲೀಸರ ಗುಣಮಟ್ಟ ಇಳಿಯುತ್ತದೆ ಅನ್ನುವ ವಾದವೂ ಇದೆ. ವೇಳೆ ಬದಲಿಸುವುದಕ್ಕೂ ಆ ವಾದಕ್ಕೂ ಸಂಬಂಧವಿಲ್ಲ.

ಇನ್ನು ಕುಸಿದವರ ವಿಷಯ. ಓಡಿ ಬಂದವರು ಬರೀ ಸುಸ್ತಾಗಿದ್ದರೆ ಹೆಸರು, ಊರು ಕೇಳಿದರೆ ಹೇಳುತ್ತಾರೆ. ಉತ್ತರ ಅಡ್ಡಾದಿಡ್ಡಿ ಬಂದರೆ, ತೂರಾಡಿದರೆ, ಸಿಟ್ಟಿನಿಂದ ಒದರಾಡಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಶಾಖಾಘಾತ (ಹೀಟ್ ಸ್ಟ್ರೋಕ್) ಅಂತಲೇ ತಿಳಿಯಬೇಕು. ಬೆವರು ಬರುತ್ತಿದೆ ಅಂತ ಸುಮ್ಮನಿರಬಾರದು, ಓಟದ ಶಾಖಾಘಾತದಲ್ಲಿ ಬೆವರು ಇರುತ್ತದೆ. ಆಂಬುಲೆನ್ಸ್‌ಗೆ ಫೋನ್ ಮಾಡಿ, ಅದು ಬರುವ ತನಕ ಕಾಯದೆ ತಣ್ಣೀರು ತುಂಬಿದ ಟಬ್ಬಿನಲ್ಲಿ ಕುತ್ತಿಗೆವರೆಗೆ ಕೂರಿಸಿ, ತಲೆ ಮುಳುಗದಂತೆ ಹಿಡಿದುಕೊಳ್ಳಬೇಕು. ಟಬ್ಬು ಇಲ್ಲದಿದ್ದರೆ ಮೈತುಂಬ ನೀರು ಸುರಿದು ಗಾಳಿ ಹಾಕಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಮೊದಲ ಅರ್ಧ ಗಂಟೆಯಲ್ಲಿ ತಾಪ ಇಳಿಸಿದರೆ ಬಹುತೇಕರು ಬದುಕುತ್ತಾರೆ. ಓಟದ ಗೆರೆಯ ಪಕ್ಕದಲ್ಲಿ ಒಂದು ದೊಡ್ಡ ಟಬ್ಬು, ನಾಲ್ಕು ಮಂಜುಗಡ್ಡೆ, ಒಂದು ಥರ್ಮಾಮೀಟರ್, ಅದನ್ನು ಬಳಸಲು ಗೊತ್ತಿರುವ ಒಬ್ಬರು ಇರಬೇಕು. ನೇಮಕಾತಿ ಅಧಿಸೂಚನೆಯಲ್ಲಿ ಎದೆ ಸುತ್ತಳತೆಯನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಬರೆಯುವವರು ಈ ನಾಲ್ಕನ್ನೂ ಅದರಲ್ಲೇ ಬರೆಯಬಹುದು.